ಗೊರಕೆಗೆ ಸಾಕ್ಷಿ

ನಿದ್ರಾರೋಗಗಳಿಗೆ ದೇಶದಲ್ಲೆಲ್ಲ ಪ್ರತ್ಯೇಕ ವಿಭಾಗ ಬೇಕೆಂದು ವೈದ್ಯರು ಕೇಳಿದರು. ಅದನ್ನು ಮಂಜೂರು ಮಾಡಬೇಕಾದ ಸಮಿತಿಯ ಅಧ್ಯಕ್ಷ ಪಟ್ಟಾಭಿರಾಮಯ್ಯನವರು ಮೇಜು ಕುಟ್ಟಿದರು.

"ಗೊರಕೆಯೂ ಒಂದು ರೋಗವೇನ್ರೀ? ಅದರಿಂದ ನರಳಿದವರನ್ನು ಒಬ್ಬರನ್ನಾದರೂ ನಾಳೆ ಕರೆತನ್ನಿ. ಇಲ್ಲವಾದರೆ ಈ ಮಾತೇ ಬೇಡ!"

ವೈದ್ಯರು ತಲೆಮೇಲೆ ಕೈ ಹೊತ್ತು ಕೂತರು. ಗೊರಕೆ ಹೊಡೆಯುತ್ತೇನೆಂದು ಯಾರು ತಾನೇ ಒಪ್ಪುತ್ತಾರೆ?

ಅಧ್ಯಕ್ಷರ ಜವಾನ ಚಿಕ್ಕೀರ ಕಿವಿ ಕೆರೆದುಕೊಂಡ. "ಹೊಡೆಯೋರು ಯಾಕೆ ಸ್ವಾಮೀ? ಅವರು ಕೇಳಿದ್ದು ನರಳೋರನ್ನ. ನಾನು ಕರ್ಕೊಂಡು ಬರ್ತೀನಿ."

ಮರುದಿನ ಅವನ ಹಿಂದೆ ಹೆಂಗಸೊಬ್ಬರು ಆಕಳಿಸುತ್ತ ಒಳಬಂದರು. ಅಧ್ಯಕ್ಷರು ದಡಬಡಿಸಿ ಎದ್ದರು.

"ನೀನ್ಯಾಕೆ ಬಂದೆ ಇಲ್ಲಿಗೆ?"

"ಮದುವೆಯಾದಾಗಿನಿಂದ ನರಳ್ತಾ ಇದೀನಲ್ಲ, ಅದಕ್ಕೆ," ಅಂದರು ಅವರ ಹೆಂಡತಿ.

ಅಧ್ಯಕ್ಷರು ತೆಪ್ಪಗೆ ವೈದ್ಯರ ಬೇಡಿಕೆಗೆ ಸಹಿ ಹಾಕಿದರು.

ಆಕೆ ವೈದ್ಯರ ಕಡೆ ತಿರುಗಿದರು. "ಇವರನ್ನ ಇವತ್ತೇ ದಾಖಲು ಮಾಡ್ಕೊಳ್ಳಿ. ನಾನು ಮನೆಗೆ ಹೋಗಿ ಮಲಗ್ತೀನಿ."