ಹಗಲುವೇಷದ ಏರಿ

ಗೋನವಟ್ಲ ಊರಿಗೆ ಹೋಗುವವರು ಮೊದಲು ಕೆರೆಯ ಏರಿಯನ್ನೇ ಹತ್ತಬೇಕು. ಏರಿಯ ನಡುವೆ ಮೊಣಕಾಲೆತ್ತರದ ಒಂದು ಕಲ್ಲಿದೆ. ಬೇಸಿಗೆಯಲ್ಲಿ ಹೋದವರಿಗೆ ಅದರ ಮೇಲೆ ಕಾಡಿಗೆಯಲ್ಲಿ ಬರೆದ ಭರ್ಜರಿ ಮೀಸೆ ಕಾಣುತ್ತದೆ. ಇದೇ ಹಗಲುವೇಷದ ಏರಿ. ಒಳಗೊಂದು ಹೊರಗೊಂದು ಇರುವವನನ್ನು 'ಅವನದೆಲ್ಲ ಹಗಲುವೇಷ' ಎಂದು ಎಲ್ಲ ಊರಿನವರೂ ಜರೆಯುತ್ತಾರೆ. ಈ ಊರಿನಲ್ಲಿ ಮಾತ್ರ ಅದನ್ನು ಬೈಗುಳವಾಗಿ ಆಡಿದರೆ ಹಿರಿಯರು ಸಿಟ್ಟಾಗುತ್ತಾರೆ. ಆಗಬೇಕಾದ್ದೇ.

ಹಿಂದೆ ಒಮ್ಮೆ, ದೇಸಾಯಿಗಳ ಕಾಲದಲ್ಲಿ, ಪಂಪಯ್ಯನೆಂಬ ವೇಷಗಾರ ಇಲ್ಲಿಗೆ ಬಂದನೆನ್ನುತ್ತಾರೆ. ಅವನ ಕುಲದವರು ದೀಪದ ಮಬ್ಬಿನಲ್ಲಿ ಕುಣಿಯುವವರಲ್ಲ. ಹಾಡುಹಗಲೇ ಬಣ್ಣ ಹಚ್ಚಿ ಮನೆಮನೆಯ ಮುಂದೆ ನಿಲ್ಲುವವರು. ಅದಕ್ಕೇ ಅದು ಹಗಲುವೇಷ. ಹಿಂದಿನ ವರ್ಷ ಜ್ವರದಿಂದ ಬಿದ್ದಿದ್ದ ಅವನಿಗೆ ಗಂಗಿಮಾಳವ್ವನೆಂಬ ಮುದುಕಿ ಹದಿನೈದು ದಿನ ಗಂಜಿ ಕುಡಿಸಿ ಬದುಕಿಸಿದ್ದಳು. ಆ ಉಪಕಾರವನ್ನು ಅವನು ಮರೆತಿರಲಿಲ್ಲ. ಈ ಸಲ ಏರಿ ದಾಟುವಾಗ ನೋಡುತ್ತಾನೆ, ಕೆರೆ ತುಂಬಿ ನಿಂತಿದೆ, ಏರಿಯಲ್ಲಿ ತೋಳು ತೂರುವಷ್ಟು ಬಿರುಕು! ಪಡುವಣದಲ್ಲಿ ಮತ್ತೆ ಮೋಡ ಕಟ್ಟಿತ್ತು. ಒಡೆದರೆ ಮೊದಲು ಕೊಚ್ಚಿಹೋಗುವುದು ಏರಿಯ ಕೆಳಗಿನ ಗಂಗಿಮಾಳವ್ವನ ಗುಡಿಸಲು. ಊರವರೋ, ಮಣ್ಣು ಹೊರುವುದು ಮೇಲಿನ ಓಣಿಯವರ ಕೆಲಸವೋ ಕೆಳಗಿನ ಓಣಿಯವರದೋ ಎಂದು ಹಟ ಹಿಡಿದು ಕೂತಿದ್ದರು.

ಪಂಪಯ್ಯ ಆಲದ ಮರದ ಮರೆಯಲ್ಲಿ ಬಣ್ಣದ ಪೆಟ್ಟಿಗೆ ಬಿಚ್ಚಿದ. ಜರಿ ರುಮಾಲು ಸುತ್ತಿ, ಕಾಡಿಗೆಯ ಮೀಸೆ ತೀಡಿ, ದೇಸಾಯಿಯ ಕಾರಭಾರಿಯಾದ. ನಿಜವಾದ ಕಾರಭಾರಿಯ ಮುಖವನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಸಿಕ್ಕಿಬಿದ್ದರೆ ಮಾತ್ರ ದೇಸಾಯಿ ಅವನ ತಲೆ ಉಳಿಸುತ್ತಿರಲಿಲ್ಲ.

'ಎರಡೂ ಓಣ್ಯಾವ್ರು ಏಳ್ರಿ! ಸಂಜಿ ಒಳಗ ಬಿರುಕು ಮುಚ್ಚಲಿಲ್ಲಂದ್ರ ಕೈಗೆ ಕೋಳ ಹಾಕಸ್ತೀನಿ!' ಎಂದು ಗುಡುಗಿದ.

ಹಟವೆಲ್ಲ ಎಲ್ಲಿ ಹೋಯಿತೋ! ಬುಟ್ಟಿ ಸಲಿಕೆ ಹಿಡಿದು ಊರಿಗೆ ಊರೇ ಏರಿಗೆ ಬಂತು. ಸಾಹೇಬರೂ ತಲೆಯ ಮೇಲೆ ಬುಟ್ಟಿ ಹೊತ್ತದ್ದು ಕಂಡು ಕೆಲವರು ಮಿಕಿಮಿಕಿ ನೋಡಿದರು. ಇನ್ನು ಮೊಳದುದ್ದದ ಬಿರುಕು ಉಳಿದಿದೆ ಎನ್ನುವಾಗ ಮಳೆ ಹೊಯ್ಯಿತು. ಮೀಸೆ ಕರಗಿ ಗದ್ದಕ್ಕಿಳಿಯಿತು. ಎಲ್ಲರೂ ನಿಂತುಬಿಟ್ಟರು. ಪಂಪಯ್ಯ ರುಮಾಲಿನ ತುದಿಯಿಂದ ಗದ್ದ ಒರೆಸಿಕೊಂಡ. ಇವರು ಈಗ ಬುಟ್ಟಿ ಬಿಸಾಡಿದರೆ ಏರಿಯೂ ಹೋಯಿತು, ತಾನೂ ಹೋದ ಹಾಗೆ. ಗಂಗಿಮಾಳವ್ವ ಮುಂದೆ ಬಂದು ಅವನ ಮುಖ ದಿಟ್ಟಿಸಿದಳು. ಗುರುತು ಹತ್ತಿತು, ಕಣ್ಣು ತುಂಬಿತು. ತನ್ನ ಬುಟ್ಟಿಯನ್ನು ಅವನತ್ತ ಚಾಚಿದಳು.

'ಹಿಡೀರಿ ಕಾರಭಾರಿ ಸಾಹೇಬ್ರ, ಮಣ್ಣು ತೊಯ್ಯಾಕತ್ತೈತಿ.'

ಆಮೇಲೆ ಒಬ್ಬರೂ ಬುಟ್ಟಿ ಕೆಳಗಿಡಲಿಲ್ಲ. ಸಂಜೆಯೊಳಗೆ ಬಿರುಕು ಮುಚ್ಚಿತು.

ಆ ಏರಿ ಇಂದಿಗೂ ನಿಂತಿದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಎರಡೂ ಓಣಿಯವರು ಅಲ್ಲಿಗೆ ಮಣ್ಣು ಹೊತ್ತು ಹಾಕಿ, ಕಲ್ಲಿಗೆ ಹೊಸ ಮೀಸೆ ಬರೆಯುತ್ತಾರೆ. ಮೊದಲ ಮಳೆಗೆ ಅದು ಕರಗಿಹೋಗುತ್ತದೆ. ಊರವರು ಪೂಜೆಗೆ ಬರುವುದು ಆಗಲೇ. ಮೀಸೆಯಿಲ್ಲದ ಆ ಬರಿಯ ಕಲ್ಲಿಗೆ 'ಸಾಹೇಬ್ರ' ಎಂದು ಕೈ ಮುಗಿಯುತ್ತಾರೆ.