ಹಕಾರವಿಲ್ಲದ ಪಾಠ

"ಗುರುಗಳೇ, ಬಾರದೆ ಹೋದ ರೋಗಿಯ ಖಾನೆಯಲ್ಲಿ ಏನು ಬರೆಯಬೇಕು?" ಎಂದು ಶಿಷ್ಯೆ ಕೇಳಿದಳು.

ಅವಳ ಹೆಸರು ಅರ್ಪಿತಾ. ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಅವಳದು ಕೊನೆಯ ವರ್ಷ. ಹರಿದ ಕಿವಿಯ ತಮಟೆಗೆ ತೇಪೆ ಹಾಕಿಸಿಕೊಂಡ ನಲವತ್ತು ಮಂದಿಯ ಮೇಲೆ ಸಂಶೋಧನೆ ನಡೆಸಿದ್ದಳು. ಮೂವತ್ತೊಂಬತ್ತು ಮಂದಿ ವರ್ಷದ ಕೊನೆಯ ತಪಾಸಣೆಗೆ ಬಂದು ಹೋಗಿದ್ದರು. ಗಾರೆ ಕೆಲಸದವನೊಬ್ಬ ಮಾತ್ರ ಬಂದಿರಲಿಲ್ಲ. ಎರಡು ಸಲ ಫೋನ್ ಮಾಡಿದ್ದಳು. ಯಾರೂ ಎತ್ತಿರಲಿಲ್ಲ.

"ಆರನೆಯ ತಿಂಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸುತ್ತಿದ್ದದ್ದು ಅವನಿಗೇ. ಆ ಅಂಕವನ್ನೇ ಕೊನೆಯ ಖಾನೆಗೂ ಇಳಿಸಿಕೊಂಡರೆ ನಡೆಯುತ್ತದಂತೆ. ಎಷ್ಟೋ ಜನ ಹಾಗೇ ಮಾಡಿದ್ದಾರೆ" ಎಂದಳು.

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುವುದಿದ್ದರೆ ಅವರು ಕನ್ನಡಕ ಹಾಕಿಕೊಂಡೇ ಬೈಯುತ್ತಿದ್ದರು. ತೆಗೆದರೆ ಕತೆ ಎಂಬುದು ಶಿಷ್ಯರಿಗೆಲ್ಲ ಗೊತ್ತಿತ್ತು. ಅರ್ಪಿತಾ ಕುರ್ಚಿ ಎಳೆದುಕೊಂಡು ಕುಳಿತಳು. ಅವರು ಹೇಳಿದ ಕತೆ ಇದು.

ದುರ್ಗದ ಸೀಮೆಯ ಒಂದು ಊರಿನ ಖಾಸಗಿ ಬಸ್ ನಿಲ್ದಾಣದಲ್ಲಿ ಒಬ್ಬ ಕೂಗುವವನಿದ್ದ. ಹೆಸರು ಬೋಸಯ್ಯ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಹರಪನಹಳ್ಳಿ ಎಂದು ಊರುಗಳ ಹೆಸರು ಕೂಗಿ ಬಸ್ಸಿಗೆ ಜನ ಹತ್ತಿಸುವುದು ಅವನ ಕೆಲಸ. ಮೂವತ್ತು ವರ್ಷ ಕೂಗಿದ್ದ. ಅವನ ಗಂಟಲು ಎಂಥದ್ದೆಂದರೆ, ಪೇಟೆಯ ಆ ತುದಿಯಲ್ಲಿ ಸೀರೆ ಆರಿಸುತ್ತಿದ್ದ ಹೆಂಗಸರು ಅವನ ಕೂಗು ಕೇಳಿ ಸೀರೆ ಬಿಟ್ಟು ಓಡಿ ಬರುತ್ತಿದ್ದರು. ಅಂಗಡಿಯವರು ಅವನಿಗೆ ಹಿಡಿಶಾಪ ಹಾಕುತ್ತಿದ್ದರು. ಅವನಿಗೆ ಅದೇ ದೊಡ್ಡ ಬಿರುದು.

ಮನೆಗೆ ಹೋದರೆ ಅಂಗಳದಿಂದಲೇ "ಹೊನ್ನೀ" ಎಂದು ಹೆಂಡತಿಯನ್ನು ಕರೆಯುತ್ತಿದ್ದ. ಬೀದಿಗೆಲ್ಲ ಕೇಳುತ್ತಿತ್ತು. ಹೊನ್ನಮ್ಮ ಒಳಗಿಂದ, "ನಾನೇನು ಹೊಸದುರ್ಗನಾ, ಹಂಗ್ಯಾಕೆ ಕೂಗ್ತೀಯಾ?" ಎನ್ನುತ್ತಿದ್ದಳು. ಒಂದು ಮಳೆಗಾಲ ಅವಳು ಜ್ವರದಲ್ಲಿ ತೀರಿಕೊಂಡಳು. ಮರುವರ್ಷ ಬೋಸಯ್ಯನ ದನಿ ಗೊಗ್ಗರಾಯಿತು. ಪರೀಕ್ಷೆ ಮಾಡಿಸಿದರೆ ಗಂಟಲಲ್ಲಿ ಹುಣ್ಣು, ಕೆಟ್ಟ ಹುಣ್ಣು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು.

ಜೀವ ಉಳಿಯಿತು. ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು. ಇನ್ನು ಮೇಲೆ ಉಸಿರಾಟವೆಲ್ಲ ಆ ತೂತಿನಿಂದ. ಬಾಯಿಗೂ ಉಸಿರಿಗೂ ಸಂಬಂಧವೇ ಇಲ್ಲ. ಜನಕ್ಕೆ ಇದೆಲ್ಲ ಎಲ್ಲಿ ತಿಳಿಯಬೇಕು? ಮಾತು ಬಾರದವನಿಗೆ ಕಿವಿಯೂ ಕೇಳದು ಎಂದುಕೊಂಡು ಅವನ ಮುಂದೆ ಕೈಸನ್ನೆ ಮಾಡುತ್ತಿದ್ದರು. ಕೆಲವರು ಕಿವಿಯ ಹತ್ತಿರ ಬಂದು ಕಿರುಚುತ್ತಿದ್ದರು. ಸ್ವಲ್ಪ ದಿನಕ್ಕೆ ಅದೂ ನಿಂತಿತು. ಅವನು ನಿಲ್ದಾಣಕ್ಕೆ ಹೋಗುವುದನ್ನು ಬಿಡಲಿಲ್ಲ. ಊರುಗಳ ಹೆಸರು ಬರೆದ ಹಲಗೆ ಹಿಡಿದು ಬಸ್ಸಿನ ಪಕ್ಕ ನಿಲ್ಲುತ್ತಿದ್ದ. ಓದಿದವರು ಹತ್ತುತ್ತಿದ್ದರು.

ಮಗಳು ಮಾರಕ್ಕನನ್ನು ಹರಪನಹಳ್ಳಿಗೆ ಕೊಟ್ಟಿತ್ತು. ಅವಳು ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದಳು. ಮಾತೆಲ್ಲ ಅವಳದೇ. ಬೋಸಯ್ಯ ಉಗುರಿನಿಂದ ಫೋನಿನ ಬೆನ್ನಿಗೆ ಬಡಿಯುತ್ತಿದ್ದ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. "ಉಂಡ್ಯಾ ಅಪ್ಪಾ?" ಒಂದು. "ನೋವೈತಾ?" ಎರಡು. ಅವಳು ಫೋನ್ ಇಟ್ಟ ಮೇಲೆ ಆ ವಾರ ಅವನನ್ನು ಏನನ್ನೂ ಕೇಳುವವರಿರಲಿಲ್ಲ.

ಅವನ ದನಿಪೆಟ್ಟಿಗೆ ತೆಗೆದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನಿದ್ದ. ದನಿಪೆಟ್ಟಿಗೆ ಕಳೆದುಕೊಂಡವರಿಗೆ ಗಾಳಿ ನುಂಗಿ, ಅದನ್ನು ಮೇಲಕ್ಕೆ ತಂದು ಮಾತಾಡಲು ಕಲಿಸುವ ಹೊಸದೊಂದು ಕ್ರಮ ಹುಡುಕಿದ್ದ. ಒಳ್ಳೆಯ ಮನುಷ್ಯ. ಕೆಲಸದಲ್ಲಿ ಕಟ್ಟುನಿಟ್ಟು. ಮೂವತ್ತು ರೋಗಿಗಳನ್ನು ಆರಿಸಿ ಅವರಿಗೆ ಎಂಟು ವಾಕ್ಯಗಳ ಒಂದು ಪಾಠ ಕೊಟ್ಟ. ಬೆಟ್ಟದ ಬುಡದಲ್ಲಿ ಒಂದು ಬಾವಿ ಇದೆ. ಬಾವಿಯ ನೀರು ತಣ್ಣಗಿದೆ. ಗೋಪಾಲನ ಕಪ್ಪು ದನ ಅಲ್ಲಿಗೆ ಬರುತ್ತದೆ. ಪಾಠ ಹೀಗೇ ಸಾಗುತ್ತಿತ್ತು. ಎಲ್ಲರೂ ಇದನ್ನೇ ಅಭ್ಯಾಸ ಮಾಡಬೇಕು, ಬೇರೆ ಏನನ್ನೂ ಮಾಡಬಾರದು. ಒಬ್ಬ ಒಂದು ಕಲಿತು ಇನ್ನೊಬ್ಬ ಇನ್ನೊಂದು ಕಲಿತರೆ ಹೋಲಿಸುವುದು ಹೇಗೆ? ಆ ಪಾಠದಲ್ಲಿ ಹಕಾರ ಒಂದೂ ಇರಲಿಲ್ಲ. ಹಕಾರಕ್ಕೆ ಎದೆಯ ಉಸಿರು ಬೇಕು. ಆ ಉಸಿರು ಕುತ್ತಿಗೆಯಲ್ಲೇ ಹೊರಟು ಹೋಗುವವರಿಗೆ ಅದು ಎಲ್ಲಕ್ಕಿಂತ ಕಷ್ಟದ ಅಕ್ಷರ. ಎಲ್ಲರೂ ಎಡವುವ ಅಕ್ಷರ ಹಾಕಿ ಅಂಕ ಇಳಿಸಿಕೊಳ್ಳುವುದು ಯಾಕೆ ಎಂದು ವೈದ್ಯ ಅದನ್ನು ಬಿಟ್ಟಿದ್ದ.

ಬೋಸಯ್ಯ ಮೂವತ್ತು ಮಂದಿಯಲ್ಲಿ ಒಬ್ಬನಾದ. ಕೋಣೆಯ ಗೋಡೆಗೆ ಮುಖ ಮಾಡಿ ಕುಳಿತು ದಿನಕ್ಕೆ ನೂರು ಸಲ ಪಾಠ ಒಪ್ಪಿಸುತ್ತಿದ್ದ. ಮೊದಮೊದಲು ಬರೀ ತೇಗು ಬರುತ್ತಿತ್ತು. ಆಮೇಲೆ ತೇಗಿನಲ್ಲಿ ಅಕ್ಷರ ಮೂಡಿತು. ನಿಲ್ದಾಣದಲ್ಲೂ ಎದುರಿಗೆ ಸಿಕ್ಕವರಿಗೆ ಅದನ್ನೇ ಹೇಳತೊಡಗಿದ. ಪ್ರತಿ ತಿಂಗಳು ಆಸ್ಪತ್ರೆಗೆ ಹೋಗಿ, ಸದ್ದು ಬಾರದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಓದುತ್ತಿದ್ದ. ಗೋಡೆಯ ಆಚೆ ಮೂವರು ಕಿವಿಗೆ ಯಂತ್ರ ಹಚ್ಚಿಕೊಂಡು, ತಿಳಿದ ಪದಗಳನ್ನು ಬರೆದುಕೊಂಡು ಅಂಕ ಹಾಕುತ್ತಿದ್ದರು. ತಿಂಗಳು ತಿಂಗಳೂ ಅದೇ ಮೂವರು. ಕೇಳುವವರು ಬದಲಾದರೆ ಅಳತೆ ಬದಲಾಗುತ್ತದೆ ಎಂದು ವೈದ್ಯ ಅವರನ್ನು ಬದಲಿಸಿರಲಿಲ್ಲ. ಮೂರನೆಯ ತಿಂಗಳಿಗೆ ಹೇಳುವವನಿಗೂ ಬಾಯಿಪಾಠ, ಕೇಳುವವರಿಗೂ ಬಾಯಿಪಾಠ. ಬೋಸಯ್ಯ ನೂರಕ್ಕೆ ತೊಂಬತ್ತಾರು ಅಂಕ ಪಡೆದ. ವೈದ್ಯ ಅವನ ಬೆನ್ನು ತಟ್ಟಿದ. ಬಹಳ ದಿನದ ಮೇಲೆ ಯಾರೋ ತನ್ನನ್ನು ಮುಟ್ಟಿದರು ಎಂದು ಬೋಸಯ್ಯನಿಗೆ ಕಣ್ಣು ತುಂಬಿತು.

ಒಂದು ಭಾನುವಾರ ಮಾರಕ್ಕ ಫೋನಿನಲ್ಲಿ ಹೇಳಿದಳು: "ಅಪ್ಪಾ, ಹೆಣ್ಣು ಕೂಸು. ಅವ್ವನ ಹೆಸರೇ ಇಡ್ತೀವಿ. ನೀನೇ ಬಂದು ಕಿವಿಯಾಗೆ ಕರೀಬೇಕು. ಬರ್ತೀಯಲ್ಲಾ?"

ಅವರ ಮನೆತನದಲ್ಲಿ ಹಾಗೊಂದು ರೂಢಿ. ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾಯಿಯ ತಂದೆ ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತವರು ತಮಾಷೆಗೆ ಅವನ ಬೆನ್ನಿಗೆ ಗುದ್ದುತ್ತಾರೆ. ಬೋಸಯ್ಯ ಫೋನಿಗೆ ಒಂದು ಸಲ ಬಡಿದ.

ಮರುದಿನವೇ ಆಸ್ಪತ್ರೆಗೆ ಹೋಗಿ ವೈದ್ಯನ ಮುಂದೆ ಒಂದು ಚೀಟಿ ಇಟ್ಟ. ಅದರಲ್ಲಿ, "ಹೊನ್ನಮ್ಮ. ಇದೊಂದು ಹೇಳಿಕೊಡಿ. ನಾಮಕರಣಕ್ಕೆ ಒಂದು ತಿಂಗಳಿದೆ" ಎಂದು ಬರೆದಿತ್ತು.

ವೈದ್ಯ ಓದಿದ. ಅವನಿಗೂ ಮನಸ್ಸು ಕರಗಿತು. ಆದರೂ ಹೇಳಿದ: "ಹಕಾರ ಕಷ್ಟ, ಬೋಸಯ್ಯ. ಆಗದ್ದೇನಲ್ಲ, ಅದಕ್ಕೆ ಬೇರೆ ಅಭ್ಯಾಸವಿದೆ. ಈಗ ನಿಮಗೊಬ್ಬರಿಗೆ ಕಲಿಸಿದರೆ ಉಳಿದವರ ಜೊತೆ ನಿಮ್ಮನ್ನು ಹೋಲಿಸುವ ಹಾಗಿಲ್ಲ, ಕೈಬಿಡಬೇಕಾಗುತ್ತದೆ. ವರ್ಷ ತುಂಬಲಿ. ನಾನೇ ಕೂತು ಕಲಿಸುತ್ತೇನೆ. ಅಲ್ಲಿಯವರೆಗೆ ಪಾಠ ಬಿಟ್ಟು ಬೇರೇನೂ ಬೇಡ, ಆಯಿತಾ?"

ಬೋಸಯ್ಯ ಮೇಜಿಗೆ ಒಂದು ಸಲ ಉಗುರು ಬಡಿದ. ವೈದ್ಯನಿಗೆ ಅದರ ಅರ್ಥ ಗೊತ್ತಿರಲಿಲ್ಲ.

ಕದ್ದು ಅಭ್ಯಾಸ ಮಾಡಬಹುದಿತ್ತು. ಗೋಡೆ ಹೋಗಿ ಯಾರಿಗೂ ಚಾಡಿ ಹೇಳುತ್ತಿರಲಿಲ್ಲ. ಆದರೆ ಮಾತೇ ಇಲ್ಲದವನು ಮಾತು ಕೊಟ್ಟುಬಿಟ್ಟಿದ್ದ. ಇಡೀ ತಿಂಗಳು ಬಾವಿ, ನೀರು, ಕಪ್ಪು ದನ ಇಷ್ಟನ್ನೇ ಒಪ್ಪಿಸಿದ. ಇಷ್ಟು ಕಷ್ಟದ ಪಾಠವೇ ಬಂದಿದೆ, ಮೂರಕ್ಷರದ ಹೆಸರು ಬಾರದಿರುತ್ತದೆಯೇ, ಅದೂ ಹೊನ್ನಿಯ ಹೆಸರು, ಎಂದು ಧೈರ್ಯ ಮಾಡಿಕೊಂಡ. ತೊಂಬತ್ತಾರು ಅಂಕ ಅವನಿಗೆ ಆ ಧೈರ್ಯ ಕೊಟ್ಟಿತ್ತು.

ನಾಮಕರಣದ ದಿನ ಹೊಸ ಪಂಚೆ ಉಟ್ಟು ಹರಪನಹಳ್ಳಿಗೆ ಹೋದ. ತೊಟ್ಟಿಲ ಸುತ್ತ ಹೆಂಗಸರು ನೆರೆದಿದ್ದರು. ಮಾರಕ್ಕ ಕೂಸನ್ನು ಎತ್ತಿ ಹಿಡಿದಳು. ಬೋಸಯ್ಯ ವೀಳ್ಯದೆಲೆಯನ್ನು ಕೂಸಿನ ಕಿವಿಗೆ ಮರೆ ಹಿಡಿದು ಬಾಗಿದ. ಅವನ ಬೆನ್ನ ಹಿಂದೆ ಗುದ್ದುವುದಕ್ಕೆ ಕೈಗಳು ಎದ್ದು ನಿಂತವು.

ಅವನು ಗಾಳಿ ನುಂಗಿದ. ಹೆಸರಿನ ಮೊದಲ ಅಕ್ಷರಕ್ಕೆ ಬಾಯಿ ತೆರೆದ. ಉಸಿರು ಕುತ್ತಿಗೆಯ ತೂತಿನಿಂದ ಬುಸ್ ಎಂದು ಹೋಯಿತು. ಬಾಯಿಂದ ಏನೂ ಬರಲಿಲ್ಲ. ಮತ್ತೆ ನುಂಗಿದ. ಮತ್ತೆ ಅದೇ ಆಯಿತು. ಮೂರನೆಯ ಸಲ ಗಂಟಲು ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಬೆಟ್ಟದ ಬುಡದಲ್ಲಿ ಒಂದು ಬಾವಿ ಇದೆ ಎಂದು ಹೇಳಿಬಿಟ್ಟಿತು. ಕೂಸು ಬೆಚ್ಚಿ ಅಳತೊಡಗಿತು. ಎದ್ದ ಕೈಗಳು ಒಂದೊಂದಾಗಿ ಇಳಿದವು. ಯಾರೂ ಗುದ್ದಲಿಲ್ಲ.

"ಇರ್ಲಿ ಬಿಡಪ್ಪಾ, ಮನಸ್ಸಿನಾಗೆ ಅಂದ್ಯಲ್ಲಾ" ಎಂದಳು ಮಾರಕ್ಕ. ಅವಳ ನಾದಿನಿ ಬಂದು ಹೆಸರು ಕರೆದಳು. ಗುದ್ದುಗಳೆಲ್ಲ ಅವಳ ಬೆನ್ನಿಗೆ ಬಿದ್ದವು. ಎಲ್ಲರೂ ನಕ್ಕರು. ಬೋಸಯ್ಯ ಊಟಕ್ಕೆ ಕೂರದೆ ಮುಂದಿನ ಬಸ್ಸಿಗೆ ಹೊರಟುಬಿಟ್ಟ.

ವರ್ಷದ ಕೊನೆಯ ತಪಾಸಣೆಗೆ ಅವನು ಹೋಗಲಿಲ್ಲ. ವೈದ್ಯನ ಕಡೆಯವರು ಎರಡು ಸಲ ಫೋನ್ ಮಾಡಿದರು. ಫೋನಿನಲ್ಲಿ ಅವನು ಏನು ಮಾತಾಡಿಯಾನು? ಎತ್ತಲಿಲ್ಲ. ವೈದ್ಯ ಹಿಂದಿನ ತೊಂಬತ್ತಾರನ್ನೇ ಕೊನೆಯ ಖಾನೆಗೆ ಇಳಿಸಿಕೊಂಡ. ದೊಡ್ಡ ಸಭೆಯಲ್ಲಿ ಬೋಸಯ್ಯನ ದನಿಯನ್ನು ಎಲ್ಲರಿಗೂ ಕೇಳಿಸಿದ. ಪಾಠದ ಎಂಟು ವಾಕ್ಯಗಳು ಪರದೆಯ ಮೇಲೆ ದಪ್ಪಕ್ಷರದಲ್ಲಿ ಇದ್ದವು. ಓದುತ್ತಾ ಕೇಳಿದವರಿಗೆ ಪ್ರತಿ ಪದವೂ ಸ್ಪಷ್ಟವಾಗಿತ್ತು. ಚಪ್ಪಾಳೆ ಜೋರಾಗಿ ಬಿತ್ತು.

ಆರು ತಿಂಗಳ ಮೇಲೆ ವೈದ್ಯ ಎಲ್ಲಿಗೋ ಹೋಗುತ್ತಾ ಆ ನಿಲ್ದಾಣದಲ್ಲಿ ಬಸ್ಸಿಳಿದ. ಜೈನಾಬಿಯ ಚಹದಂಗಡಿಯ ಮುಂದೆ ಹಲಗೆ ಹಿಡಿದು ನಿಂತಿದ್ದ ಬೋಸಯ್ಯ ಅವನನ್ನು ದೂರದಿಂದಲೇ ಗುರುತು ಹಿಡಿದ. ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

"ಬೋಸಯ್ಯ! ಯಾಕೆ ಬರಲೇ ಇಲ್ಲ?" ಎಂದು ವೈದ್ಯ ಕೇಳಿದ.

ಅದಕ್ಕೆ ಉತ್ತರ ಆ ಎಂಟು ವಾಕ್ಯಗಳಲ್ಲಿ ಇರಲಿಲ್ಲ. ಆದರೂ ದೊಡ್ಡವರು ಕೇಳಿದಾಗ ಸುಮ್ಮನಿರುವುದು ಹೇಗೆ ಎಂದು ಬೋಸಯ್ಯ ತನ್ನ ಹತ್ತಿರ ಇದ್ದದ್ದನ್ನೇ ಕೊಟ್ಟ. ಮೊದಲಿಂದ ಕೊನೆಯವರೆಗೆ ಪಾಠ ಒಪ್ಪಿಸಿದ. ವೈದ್ಯನ ಮುಖ ಅರಳಿತು. ಪಕ್ಕದಲ್ಲಿದ್ದ ಜೈನಾಬಿಯತ್ತ ತಿರುಗಿ, "ನೋಡಿದಿರಾ, ಎಷ್ಟು ಚೆನ್ನಾಗಿ ಮಾತಾಡುತ್ತಾರೆ!" ಎಂದ.

ಜೈನಾಬಿ ಚಹದ ಪಾತ್ರೆ ಕೆಳಗಿಟ್ಟು ಕೇಳಿದಳು: "ಏನಂದ ಸಾಮಿ ಅವ? ಒಂದೂವರೆ ವರ್ಷದಿಂದ ದಿನಾ ಅದನ್ನೇ ಅಂತಾನೆ, ನಮಗೆ ಒಂದಕ್ಷರ ತಿಳಿದಿಲ್ಲ. ನಿಮಗೆ ಹೆಂಗೆ ತಿಳೀತು?"

ವೈದ್ಯ ಮೆಲ್ಲಗೆ ಬೋಸಯ್ಯನತ್ತ ತಿರುಗಿದ.

ಬೋಸಯ್ಯನಿಗೆ ಅದುವರೆಗೂ ಒಂದು ದುಃಖ ಇತ್ತು. ತನಗೆ ಮಾತು ಬಂದರೂ ಊರಿನವರು ಬೇಕೆಂದೇ ಮರುಮಾತಾಡುತ್ತಿಲ್ಲ ಎಂದುಕೊಂಡಿದ್ದ. ಈಗ ಗೊತ್ತಾಯಿತು. ತಾನು ಹೇಳುವುದನ್ನು ಮೊದಲೇ ಬಲ್ಲವರನ್ನು ಬಿಟ್ಟರೆ ಈ ಲೋಕದಲ್ಲಿ ಯಾರಿಗೂ ತನ್ನ ಮಾತು ಮುಟ್ಟಿಯೇ ಇರಲಿಲ್ಲ.

ವೈದ್ಯ ಅವನ ಕೈ ಹಿಡಿದುಕೊಂಡು, "ನನ್ನ ಜೊತೆ ಬನ್ನಿ. ಇವತ್ತೇ ಹಕಾರ ಕಲಿಸುತ್ತೇನೆ" ಎಂದ. ಬೋಸಯ್ಯ ಕೈ ಬಿಡಿಸಿಕೊಂಡ. ಚಹದಂಗಡಿಯ ಬೆಂಚಿಗೆ ಎರಡು ಸಲ ಉಗುರು ಬಡಿದ. ಹರಪನಹಳ್ಳಿಯ ಬಸ್ಸು ಬಂದು ನಿಂತಿತ್ತು. ಅವನು ಹಲಗೆ ಎತ್ತಿಕೊಂಡು ಅದರ ಬಾಗಿಲ ಬಳಿಗೆ ಹೋದ. ಆ ಪಾಠವನ್ನು ಅವನು ಮತ್ತೆಂದೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅರ್ಪಿತಾ ತನ್ನ ಮಡಿಲಲ್ಲಿದ್ದ ಹಾಳೆಯನ್ನು ನೋಡಿದಳು. ನಲವತ್ತು ಸಾಲು, ಒಂದು ಖಾಲಿ ಖಾನೆ.

"ಹಾಗಾದರೆ ಇಲ್ಲಿ ನಾನೇನು ಬರೆಯಲಿ, ಗುರುಗಳೇ?" ಎಂದು ಮೆಲ್ಲಗೆ ಕೇಳಿದಳು.

ಗುರುಗಳು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಆ ಗಾರೆ ಕೆಲಸದವನ ಊರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಬರೆ."