ಬುಡ ಕತ್ತರಿಸಿ ನೀರಿಗಿಟ್ಟ ಊರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಇಸ್ಕೂಲಿನಲ್ಲಿ ಮಗ್ಗಿ ಹೇಳಿಸುತ್ತಿದ್ದರು. "ಹದಿಮೂರೇಳ್ಲ ಎಷ್ಟೋ?" ಅಂದರು ಮೇಷ್ಟ್ರು. "ಹೊರಗೆ ಹೋಗಿ ನೋಡ್ಕೊಂಡು ಬರ್ತೀನಿ ಸಾರ್" ಅಂದೆ. ಇನ್ನೂ ನೋಡುತ್ತಲೇ ಇದ್ದೀನಿ.

ಹಾಗೆ ನಡೆದೂ ನಡೆದೂ ಒಂದಾನೊಂದು ಊರಿನಲ್ಲಿ ಬಂದು ನಿಂತೆ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಈ ಕತೆ ಮುಂದಕ್ಕೆ ಹೋಗಲ್ಲ, ಇದಕ್ಕೆ ಕಾಲಿಲ್ಲ. ಯಾಕಿಲ್ಲ ಅಂತ ಆಮೇಲೆ ತಿಳಿಯುತ್ತೆ.

ಆ ಊರಿನ ಅರಸನಿಗೆ ಹನ್ನೆರಡು ವರ್ಷದಿಂದ ಹಲ್ಲುನೋವು. ಒಂದು ಮಂಗಳವಾರ ಬೆಳಗ್ಗೆ ಕಣ್ಣು ಬಿಟ್ಟಾಗ ಎದುರಿಗೆ ಹೂದಾನಿಯಲ್ಲಿ ಸುಗಂಧರಾಜದ ಒಂದು ಕಡ್ಡಿ ಇತ್ತು. ಅವತ್ತು ಹಲ್ಲು ನೋಯಲಿಲ್ಲ.

"ಇವತ್ತು ಯಾರ ಮುಖ ನೋಡಿ ಎದ್ದೆ?" ಅಂತ ಕೇಳಿದ.

"ಹೂವಿನ ಮುಖ, ಪ್ರಭು" ಅಂದ ಮಂತ್ರಿ.

"ಹಾಗಾದರೆ ನಾಳೆಯೂ ಇದೇ ಮುಖ. ನಾಡಿದ್ದೂ ಇದೇ ಮುಖ. ಬೇರೆ ಹೂವು ತಂದೀರಿ, ಹುಷಾರ್. ಗುರುತಿಲ್ಲದವರ ಮುಖ ನೋಡಿ ಏಳೋ ಅರಸ ನಾನಲ್ಲ."

ಹೂವು ಕೊಯ್ದು ಕೊಟ್ಟವಳನ್ನು ಕರೆಸಿದರು. ಅವಳು ಚಿಕ್ಕತಾಯಮ್ಮ, ಅರಮನೆ ಬಾಗಿಲಲ್ಲಿ ಹೂವು ಮಾರೋಳು. ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಹತ್ತು ತಿಂಗಳ ಮೊಮ್ಮಗಳು ನಿಂಗಿ ಇವಳ ಸೊಂಟದ ಮೇಲೆ. ನಾನು ಇಳಿದುಕೊಂಡಿದ್ದದ್ದು ಅವಳ ಜಗಲಿಯಲ್ಲೇ. ಮಗಾ ಅಂತ ಕರೆದು ಮುದ್ದೆ ಹಾಕುತ್ತಿದ್ದಳು.

"ಇದು ಬಾಡಬಾರದು. ಏನು ಮಾಡಬೇಕು?" ಅಂದ ಅರಸ.

"ದಿನಾ ನೀರು ಬದಲಾಯಿಸಿ ಬುದ್ಧಿ. ಬೆಳಗ್ಗೆ ಬೆಳಗ್ಗೆ ಬುಡಾನ ನೀರೊಳಗೇ ಇಟ್ಟು ಹೆಬ್ಬೆಟ್ಟಿನಗಲ ಓರೆಯಾಗಿ ಕತ್ತರಿಸಿ. ಪಕ್ಕದಲ್ಲಿ ಮಾಗಿದ ಬಾಳೆಹಣ್ಣು ಇಡಬೇಡಿ, ಹಣ್ಣಿನ ಉಸಿರು ತಾಕಿದರೆ ಹೂವು ಜೋತುಬೀಳುತ್ತೆ. ಇಷ್ಟು ಮಾಡಿದ್ರೆ ಒಂದು ವಾರ ಬರುತ್ತೆ."

"ಆಮೇಲೆ?"

"ಆಮೇಲೆ ಬಾಡುತ್ತೆ ಬುದ್ಧಿ. ಹೂವಲ್ಲವಾ."

"ಬಾಡಿದ ದಿನ ನಿನ್ನ ತಲೆ ಕೊಯ್ತೀನಿ. ಕೂತು ಕಾಯಿ."

ಊರಿನ ಬಾಳೆಹಣ್ಣನ್ನೆಲ್ಲ ಗಡಿಪಾರು ಮಾಡಿದರು. ಬಡಗಿ ದಿನಾ ಬಂದು ಹೆಬ್ಬೆಟ್ಟಿನಗಲ ಕತ್ತರಿಸಿದ. ಹೂವು ನಗುತ್ತಿತ್ತು, ಹಲ್ಲು ಸುಮ್ಮನಿತ್ತು. ಎಂಟನೇ ದಿನ ಕಡ್ಡಿ ಮುಗಿಯಿತು, ಹೂವು ಮಾತ್ರ ಉಳಿಯಿತು.

ಅರಸ ಯೋಚನೆ ಮಾಡಿದ. ಅರಸರು ಯೋಚನೆ ಮಾಡಿದರೆ ಕಷ್ಟ.

"ಹೂವು ಯಾವುದರ ಮೇಲೆ ನಿಂತಿದೆ?"

"ಹೂದಾನಿಯ ಮೇಲೆ, ಪ್ರಭು."

"ಹಾಗಾದರೆ ಹೂವಿನ ಬುಡ ಹೂದಾನಿ. ಕತ್ತರಿಸು."

ಕತ್ತರಿಸಿದರು. ನೀರೆಲ್ಲ ಸೋರಿತು. ಹೂವು ಬಾಡಲಿಲ್ಲ. ಅರಸನಿಗೆ ಧೈರ್ಯ ಬಂತು.

"ಹೂದಾನಿ ಯಾವುದರ ಮೇಲಿದೆ?" "ಮೇಜಿನ ಮೇಲೆ." ಮೇಜಿನ ಕಾಲು ಹೋಯಿತು. "ಮೇಜು?" "ಅರಮನೆಯ ಮೇಲೆ." ಅರಮನೆಯ ಮೆಟ್ಟಿಲು ಹೋಯಿತು. "ಅರಮನೆ?" "ಊರಿನ ಮೇಲೆ." "ಊರು?" "ಜನದ ಮೇಲೆ, ಪ್ರಭು." "ಜನ?"

ಮಂತ್ರಿ ಕೆಳಗೆ ನೋಡಿಕೊಂಡ. "ಕಾಲಿನ ಮೇಲೆ."

ಮಾರನೆ ಬೆಳಗ್ಗೆಯಿಂದ ಮನೆ ಮನೆಯ ಮುಂದೆ ನೀರಿನ ಬೋಗುಣಿ. ಬಡಗಿ ಬರುತ್ತಿದ್ದ, ಎಲ್ಲರ ಕಾಲನ್ನೂ ಹೆಬ್ಬೆಟ್ಟಿನಗಲ ಕತ್ತರಿಸುತ್ತಿದ್ದ. ರಕ್ತ ಬರಲಿಲ್ಲವಾ ಅಂತೀರಾ? ನೀರೊಳಗೆ ಕತ್ತರಿಸಿದರೆ ಬರಲ್ಲ. ನೋಯಲಿಲ್ಲವಾ ಅಂತೀರಾ? ನೋಯುತ್ತಿತ್ತು. ಆದರೆ ಅರಸನದು ಹಲ್ಲುನೋವು. ಹಲ್ಲುನೋವಿನ ಮುಂದೆ ಕಾಲುನೋವು ಏನು ದೊಡ್ಡದು ಅಂತ ಜನ ಮಾತಾಡಿಕೊಂಡರು. ಚಪ್ಪಲಿ ಹೊಲೆಯುವವನು ಮೊದಲು ಉಪವಾಸ ಬಿದ್ದ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿ, "ಏನು ಕಳೆ ಬಂದಿದೆ ಕಣ್ರೀ!" ಅಂದರು.

ಬಡಗಿ ನನ್ನ ಕಾಲನ್ನೂ ನೋಡಿದ.

"ಎಷ್ಟು ದಿನ ಆಯ್ತಪ್ಪಾ ಬಂದು?"

"ಹನ್ನೆರಡು."

"ಒಂದು ಮಂಡಲ ತುಂಬದವನ ಮೇಲೆ ಊರು ನಿಂತಿರಲ್ಲ. ನಲವತ್ತೊಂಬತ್ತನೇ ಬೆಳಗ್ಗೆ ಬರ್ತೀನಿ." ಆಮೇಲೆ ನಿಂಗಿಯನ್ನು ನೋಡಿದ. "ಇದು ನಿಲ್ಲುತ್ತಾ?"

"ಇಲ್ಲ, ಇನ್ನೂ ಅಂಬೆಗಾಲು" ಅಂದಳು ಚಿಕ್ಕತಾಯಮ್ಮ.

"ನಿಂತ ದಿನ ಹೇಳಿ ಕಳಿಸು."

ಹೀಗೆ ಊರು ಮಂಡಿಗೆ ಬಂತು. ಒಂದು ಮಧ್ಯಾಹ್ನ ಚಿಕ್ಕತಾಯಮ್ಮ ಹೂವನ್ನು ಕಾಯುತ್ತ ಕೂತಿದ್ದಾಗ ಹೂವು ಮಾತಾಡಿತು.

"ಅವ್ವಾ, ಸಾಕಾಗಿದೆ. ನನ್ನ ಜೊತೆ ಕೊಯ್ದವೆಲ್ಲ ಬಾಡಿ, ಗೊಬ್ಬರವಾಗಿ, ಮತ್ತೆ ಮೊಗ್ಗಾಗಿವೆಯಂತೆ. ನಾನು ಇನ್ನೂ ಆ ಮಂಗಳವಾರದಲ್ಲೇ ಇದ್ದೀನಿ."

"ನೀನು ಬಾಡಿದ್ರೆ ನನ್ನ ತಲೆ ಹೋಗುತ್ತಲ್ಲೇ."

"ನಾನು ಬಾಡದಿದ್ರೆ ನಿಂಗೀ ಕಾಲು?"

ಅವತ್ತೇ ನಿಂಗಿ ಗೋಡೆ ಹಿಡಿದು ಏಳಲು ನೋಡಿದಳು. ಅಜ್ಜಿ ಬೆನ್ನಿಗೆ ಒಂದು ಏಟು ಕೊಟ್ಟು ಕೂರಿಸಿದಳು. ಮಗು ಅತ್ತಿತು. ಅಜ್ಜಿಯೂ ಅತ್ತಳು.

"ಮಗಾ, ನೀನೊಬ್ಬನೇ ನಡೆಯೋನು. ಒಂದು ಬಾಳೆಹಣ್ಣು ತಂದುಕೊಡು" ಅಂದಳು.

ಗಡಿಯಾಚೆ ಬಾಳೆಹಣ್ಣುಗಳು ಡೇರೆ ಹಾಕಿಕೊಂಡು ಕೂತಿದ್ದವು. ಯಾರು ಬರ್ತೀರಿ ಅಂದೆ. ಎಲ್ಲ ಸಿಪ್ಪೆ ಬಿಗಿ ಮಾಡಿಕೊಂಡವು. ಕಪ್ಪಗಾದ ಒಂದು ಮುದಿ ಹಣ್ಣು ಎದ್ದಿತು. "ನಾನು ಬರ್ತೀನಿ ನಡಿ. ನನಗೆ ಹೇಗಿದ್ರೂ ಎರಡೇ ದಿನ."

ತಂದು ಹೂವಿನ ಪಕ್ಕ ಇಟ್ಟೆವು. ಹಣ್ಣು ಒಂದು ನಿಟ್ಟುಸಿರು ಬಿಟ್ಟಿತು. "ಅಬ್ಬಾ" ಅಂತ ಹೂವು ಬಾಡಿತು.

ಬೆಳಗ್ಗೆ ಅರಸ ಕಣ್ಣು ಬಿಟ್ಟ, ದವಡೆ ಹಿಡಿದುಕೊಂಡು ಕಿರುಚಿದ.

"ಬಾಡಿದೆ ಬುದ್ಧಿ" ಅಂದಳು ಚಿಕ್ಕತಾಯಮ್ಮ. "ನನ್ನ ತಲೆ ತಗೊಳ್ಳಿ. ಜನದ ಕಾಲು ಬಿಡಿ."

ಅರಸ ಕತ್ತಿಗೆ ಕೈ ಹಾಕಿದ. ಅಷ್ಟರಲ್ಲಿ ಊರಿಗೆ ಊರೇ ಮಂಡಿಯೂರಿಕೊಂಡು ಬಂತು.

"ಬಾಡಿದೆ ಅಂದವರ್ಯಾರು? ಮಂಡಿತನಕ ಕೊಟ್ಟಿದ್ದೀವಿ! ಬಾಡೋ ಹೂವಿಗೆ ಯಾರಾದರೂ ಮಂಡಿತನಕ ಕೊಡ್ತಾರಾ?"

"ಹಲ್ಲು ನೋಯ್ತಾ ಇದೆ ಕಣ್ರಪ್ಪಾ" ಅಂದ ಅರಸ.

"ನೋಯ್ತಾ ಇಲ್ಲ, ಪ್ರಭು!" ಅಂದರು ಜನ.

ಅರಸ ಬಾಯಿ ಮುಚ್ಚಿಕೊಂಡ. ಜನ ಬಡಗಿಯನ್ನು ಕರೆದು, ಇವತ್ತು ಎರಡು ಹೆಬ್ಬೆಟ್ಟಿನಗಲ ಕತ್ತರಿಸಪ್ಪಾ ಅಂದರು. ಹೂವು ಬಾಡಿಲ್ಲವಾದ್ದರಿಂದ ಚಿಕ್ಕತಾಯಮ್ಮನ ತಲೆ ಉಳಿಯಿತು. ಅದೇ ಅವಳಿಗೆ ಸಿಕ್ಕ ಶಿಕ್ಷೆ.

ಅವತ್ತು ಮಧ್ಯಾಹ್ನ ನಿಂಗಿ ಗೋಡೆ ಬಿಟ್ಟು ನಿಂತಳು. ಒಂದು ಹೆಜ್ಜೆ ಇಟ್ಟು ನಕ್ಕಳು.

"ಕರ್ಕೊಂಡು ಹೋಗು ಮಗಾ. ಇನ್ನೂ ಯಾರೂ ನೋಡಿಲ್ಲ."

"ನೀನೂ ಬಾ ಅವ್ವಾ, ಎತ್ತಿಕೊಳ್ತೀನಿ."

"ಹೂವು ಕಾಯೋಳು ಇಲ್ಲ ಅಂದ್ರೆ ಹುಡುಕಿಕೊಂಡು ಬರ್ತಾರೆ. ಸಿಕ್ಕಿಬೀಳೋದು ಇವಳು. ಹೋಗು, ತಿರುಗಿ ನೋಡಬೇಡ."

ನೋಡಲಿಲ್ಲ. ಆ ದಾರಿಯಲ್ಲಿ ಬಂದವರು ಹೇಳ್ತಾರೆ, ಈಗ ಆ ಊರಲ್ಲಿ ಜಗಲಿ ಜಗಲಿಯ ಮೇಲೂ ಒಂದೊಂದು ಹಿತ್ತಾಳೆ ತಂಬಿಗೆ, ತಂಬಿಗೆಯಲ್ಲಿ ಒಂದೊಂದು ತಲೆಯಂತೆ. ಎಲ್ಲ ತಾಜಾ. ಹೋಗೋರನ್ನ ಬರೋರನ್ನ "ಬನ್ನಿ, ಊಟ ಆಯ್ತಾ?" ಅಂತ ಕೇಳುತ್ತವಂತೆ. ಅರಮನೆ ಬಾಗಿಲಿನ ತಂಬಿಗೆ ಮಾತ್ರ ಏನೂ ಕೇಳಲ್ಲ. ದಾರಿ ನೋಡುತ್ತೆ.

ಕತೆ ಅಂದಮೇಲೆ ನೀತಿ ಬೇಕಲ್ಲ, ತಗೊಳ್ಳಿ: ಹೂವಿನ ಪಕ್ಕ ಬಾಳೆಹಣ್ಣು ಇಡಬೇಡಿ.

ನನ್ನ ಚಾಪೆ ಸುತ್ತಿ ಆಯ್ತು, ಆ ಚೊಂಬು ಇತ್ತ ಕೊಡಿ. ಉಳಿಯಿರಿ ಅಂತೀರಿ, ನಿಮ್ಮ ದೊಡ್ಡ ಮನಸ್ಸು. ಆದರೆ ನಿಮ್ಮೂರಿಗೆ ಬಂದು ಇವತ್ತಿಗೆ ನಲವತ್ತೇಳು ದಿನ. ಬೆಳಗ್ಗೆ ನಿಮ್ಮ ಮನೆಯಾಕೆ ಹೂವನ್ನು ನೀರಿಗಿಡುತ್ತ, "ಬುಡ ಒಂಚೂರು ಕತ್ತರಿಸಿದ್ರೆ ಇನ್ನೂ ಎರಡು ದಿನ ಬರುತ್ತೆ" ಅಂದರು. ತಪ್ಪೇನಿಲ್ಲ ತಾಯಿ. ಒಳ್ಳೆಯ ಮಾತೇ.

ಅಗೋ, ನಿಮ್ಮ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡ್ತಾ ಇದಾಳಲ್ಲ, ಅವಳೇ. ನಿಂಗೀ, ಬಾರವ್ವ. ಆ ಕಾಲನ್ನೂ ಕೆಳಗಿಡು, ಹೊರಡೋಣ.

ಅವರ ಕತೆ ಅಲ್ಲೇ ನಿಂತಿತು. ನಮ್ಮ ಕಾಲು ಇಲ್ಲಿಂದ ಎದ್ದಿತು.